ಅಡಿಸನ್ ಕಾಯಿಲೆ: ವೈದ್ಯರು ಮಾತ್ರೆ ಕಡಿಮೆ ಮಾಡಿದ್ದಾರೆ, ಹೀಗೆಯೇ ಮುಂದೆ ಪೂರ್ತಿ ನಿಲ್ಲಿಸಬಹುದೇ?

ಪ್ರಶ್ನೆ (ವಿಜಯನಗರದಿಂದ ಒಬ್ಬ ಗೃಹಿಣಿ)

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ 43 ವರ್ಷ. ಕಳೆದ ವರ್ಷ ಮಳೆಗಾಲದಲ್ಲಿ ಅವರಿಗೆ ಅಡಿಸನ್ ಕಾಯಿಲೆ ಇದೆಯೆಂದು, ಅಂದರೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಹಾಳಾಗಿ ದೇಹಕ್ಕೆ ಬೇಕಾದ ಹಾರ್ಮೋನುಗಳನ್ನು ತಯಾರಿಸುತ್ತಿಲ್ಲವೆಂದು ತಿಳಿಯಿತು. ಅದಕ್ಕೆ ಮೊದಲು ಐದಾರು ತಿಂಗಳು ಅವರು ದಿನದಿಂದ ದಿನಕ್ಕೆ ಸೊರಗುತ್ತಾ ಹೋದರು. 11 ಕೆ.ಜಿ. ತೂಕ ಇಳಿದಿತ್ತು, ಹಾಸಿಗೆಯಿಂದ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು, ನಾನು ಬೆರೆಸಿಕೊಟ್ಟ ಮಜ್ಜಿಗೆಗೆ ಉಪ್ಪು ಸಾಲದೆಂದು ಮತ್ತೊಂದು ಚಮಚ ಹಾಕಿಕೊಂಡು ಕುಡಿಯುತ್ತಿದ್ದರು. ಮೈ ಕಪ್ಪಾಗಿದ್ದನ್ನು ನಾವೆಲ್ಲರೂ ಬಿಸಿಲಿನ ಓಡಾಟದಿಂದ ಎಂದೇ ತಿಳಿದಿದ್ದೆವು. ಕೊನೆಗೆ ಒಬ್ಬ ವೈದ್ಯರು ಬಾಯಿ ತೆರೆಯಲು ಹೇಳಿ, ಟಾರ್ಚ್ ಹಿಡಿದು ಒಸಡು ನೋಡಿ, ಅಂಗೈ ಗೆರೆಗಳನ್ನು ನೋಡಿ, ಮರುದಿನ ಬೆಳಿಗ್ಗೆ 8 ಗಂಟೆಗೆ ಆ ಗ್ರಂಥಿಗಳ ಮುಖ್ಯ ಹಾರ್ಮೋನಾದ ಕಾರ್ಟಿಸೋಲ್ ಪರೀಕ್ಷೆಗೆ ರಕ್ತ ಕೊಡಬೇಕೆಂದು ಬರೆದುಕೊಟ್ಟರು. ಸಿ.ಟಿ. ಸ್ಕ್ಯಾನ್‌ನಲ್ಲಿ ಎರಡೂ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು. ಕ್ಷಯ ತಗುಲಿ ಅವು ಹಾಳಾಗಿವೆಯೆಂದು ಆಮೇಲೆ ಖಚಿತವಾಯಿತು.

ಕ್ಷಯದ ಮಾತ್ರೆಗಳ ಜೊತೆಗೆ ಹೈಡ್ರೋಕಾರ್ಟಿಸೋನ್ (ಕಾರ್ಟಿಸೋಲ್‌ನ ಬದಲಿಗೆ ಕೊಡುವ ಸ್ಟಿರಾಯ್ಡ್) ದಿನಕ್ಕೆ 30 ಮಿಲಿಗ್ರಾಂ ಮತ್ತು ದೇಹದಲ್ಲಿ ಉಪ್ಪನ್ನು ಉಳಿಸುವ ಫ್ಲುಡ್ರೋಕಾರ್ಟಿಸೋನ್ 100 ಮೈಕ್ರೋಗ್ರಾಂ ಕೊಟ್ಟಿದ್ದರು. ಒಂದೇ ವಾರದಲ್ಲಿ ಅವರು ಮೊದಲಿನ ಮನುಷ್ಯರಾದರು ಎಂದರೆ ಹೆಚ್ಚಲ್ಲ. ಎರಡು ತಿಂಗಳ ಹಿಂದೆ ಕ್ಷಯದ ಚಿಕಿತ್ಸೆ ಮುಗಿಯಿತು. ಅದಾದ ಕೆಲವು ವಾರಗಳಿಗೆ ವೈದ್ಯರು ಹೈಡ್ರೋಕಾರ್ಟಿಸೋನನ್ನು ಬೆಳಿಗ್ಗೆ 10, ಮಧ್ಯಾಹ್ನ 5, ಸಂಜೆ 5, ಹೀಗೆ 20 ಮಿಲಿಗ್ರಾಂಗೆ ಇಳಿಸಿದರು. ನಮ್ಮ ಮನೆಯ ಸಮಸ್ಯೆ ಶುರುವಾದದ್ದು ಅಲ್ಲಿಂದ. ‘ಡಾಕ್ಟರೇ ಕಡಿಮೆ ಮಾಡಿದ್ದಾರೆಂದರೆ ರೋಗ ವಾಸಿಯಾಗುತ್ತಿದೆ, ಇನ್ನು ನಿಧಾನವಾಗಿ ಬಿಡಿಸಬಹುದು, ಸ್ಟಿರಾಯ್ಡ್ ಮೂಳೆಯನ್ನು ತಿಂದುಬಿಡುತ್ತದೆ’ ಎಂದು ಅತ್ತೆಯವರು ದಿನವೂ ಹೇಳುತ್ತಾರೆ. ಚಿಕ್ಕಮಾವನವರು ಯಾರಿಂದಲೋ ಒಂದು ಪುಡಿ ತಂದುಕೊಟ್ಟಿದ್ದಾರೆ; ಅದನ್ನು ಇನ್ನೂ ಕೊಟ್ಟಿಲ್ಲ. ಕಳೆದ ಭಾನುವಾರ ಮಾತ್ರೆಯ ಡಬ್ಬಿ ತುಂಬಿಸಲು ಕುಳಿತಾಗ ಮಧ್ಯಾಹ್ನದ ಖಾನೆಗಳಲ್ಲಿ ಮೂರು ಮಾತ್ರೆಗಳು ಹಾಗೆಯೇ ಉಳಿದಿದ್ದವು. ಕೇಳಿದರೆ, ‘ಇಲ್ಲದೆಯೂ ಚೆನ್ನಾಗಿದ್ದೇನಲ್ಲ’ ಎಂದರು.

ನನಗೆ ಹೆದರಿಕೆಯಾಗಲು ಕಾರಣವಿದೆ. ನಾಲ್ಕು ತಿಂಗಳ ಹಿಂದೆ ತುಮಕೂರಿನಲ್ಲಿ ಒಂದು ಮದುವೆಗೆ ಹೋಗಿದ್ದಾಗ ಅವರಿಗೆ ವಾಂತಿಭೇದಿಯಾಗಿ, ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದೆವು. ಅಲ್ಲಿ ವಾಂತಿ ನಿಲ್ಲುವ ಇಂಜೆಕ್ಷನ್ ಮತ್ತು ಗ್ಲೂಕೋಸ್ ಡ್ರಿಪ್ ಹಾಕಿ ಮಲಗಿಸಿದರು. ನಾನು ಸ್ಟಿರಾಯ್ಡಿನ ಮಾತೆತ್ತಿದಾಗ ಸೋಂಕು ಇರುವಾಗ ಅದನ್ನು ಕೊಡುವುದಿಲ್ಲ ಎಂದರು. ಮೂರು ಗಂಟೆ ಕಳೆಯುವಷ್ಟರಲ್ಲಿ ಅವರು ನನ್ನ ಹೆಸರನ್ನೇ ತಪ್ಪಾಗಿ ಹೇಳುತ್ತಿದ್ದರು. ನಮ್ಮ ವೈದ್ಯರಿಗೆ ಫೋನ್ ಮಾಡಿ, ಅವರು ಅಲ್ಲಿನವರೊಡನೆ ಮಾತನಾಡಿದ ಮೇಲೆ ಹೈಡ್ರೋಕಾರ್ಟಿಸೋನ್ ಕೊಟ್ಟರು. ಒಂದು ಗಂಟೆಯೊಳಗೆ ಎದ್ದು ಕುಳಿತರು.

ಮುಂದಿನ ತಿಂಗಳು ಅತ್ತೆಯವರ ಹರಕೆಯಂತೆ ಧರ್ಮಸ್ಥಳಕ್ಕೆ ಹೋಗಬೇಕು, ಶಿವರಾತ್ರಿಯ ಉಪವಾಸವನ್ನೂ ಮಗನೇ ಮಾಡಬೇಕೆಂದು ಅವರ ಆಸೆ. ವೈದ್ಯರ ಮುಂದಿನ ಭೇಟಿ ಆರು ವಾರಗಳ ಆಚೆಗೆ ಇದೆ. ಮಾತ್ರೆ ಕಡಿಮೆಯಾದದ್ದರ ಅರ್ಥವೇನು, ಮನೆಯವರಿಗೆ ಹೇಗೆ ತಿಳಿಸಿ ಹೇಳಲಿ, ಪ್ರಯಾಣದಲ್ಲಿ ಏನು ಸಿದ್ಧತೆ ಇರಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1 (ಬಸವನಗುಡಿಯಿಂದ, 17 ವರ್ಷಗಳಿಂದ ಅಡಿಸನ್ ಇರುವವರು)

ಅಮ್ಮಾ, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಆ ಮೂರು ಮಾತ್ರೆಗಳ ಸಂಗತಿ ನನ್ನನ್ನು ತಟ್ಟಿತು, ಏಕೆಂದರೆ ನಾನೂ ಅದೇ ತಪ್ಪು ಮಾಡಿದವನು. ಕಾಯಿಲೆ ಗೊತ್ತಾದ ಮೂರನೆಯ ವರ್ಷ, ಮುಖ ಸ್ವಲ್ಪ ದುಂಡಗಾಗಿದೆಯೆಂದು ಯಾರೋ ಅಂದದ್ದಕ್ಕೆ, ಯಾರನ್ನೂ ಕೇಳದೆ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದೆ. ಮೂರು ವಾರ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂಬುದೇ ನನ್ನ ಧೈರ್ಯವಾಯಿತು. ನಾಲ್ಕನೆಯ ವಾರ ಸಾಧಾರಣ ಜ್ವರ ಬಂತು; ಸಂಜೆ ಮನೆಯವಳು ಕಾಫಿ ತಂದಾಗ ನಾನು ಲೋಟವನ್ನು ಹಿಡಿಯಲಾರದೆ ಹೋದೆ. ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಸೋಡಿಯಂ 116 ಇತ್ತು. 135ರ ಮೇಲೆ ಇರಬೇಕಾದದ್ದು ಅದು. ಮೂರು ದಿನ ಐ.ಸಿ.ಯು.ನಲ್ಲಿದ್ದೆ.

ನಿಮ್ಮ ಯಜಮಾನರು ‘ಇಲ್ಲದೆಯೂ ಚೆನ್ನಾಗಿದ್ದೇನೆ’ ಎನ್ನುವುದು ಸುಳ್ಳಲ್ಲ. ಮನೆಯಲ್ಲಿ ನೆಮ್ಮದಿಯಾಗಿ ಕುಳಿತ ದಿನ ದೇಹಕ್ಕೆ ಬೇಕಾಗುವ ಕಾರ್ಟಿಸೋಲ್ ಕಡಿಮೆ. ಆದರೆ ಜ್ವರ ಬಂದಾಗ, ಬಿದ್ದು ಪೆಟ್ಟಾದಾಗ, ವಾಂತಿಭೇದಿಯಾದಾಗ ಆರೋಗ್ಯವಂತರ ಗ್ರಂಥಿಗಳು ತಾವಾಗಿಯೇ ಅದನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ನಮಗೆ ಹೆಚ್ಚಿಸುವ ಗ್ರಂಥಿಯಿಲ್ಲ. ಹೊರಗಿನಿಂದ ಕೊಟ್ಟರಷ್ಟೇ ಉಂಟು.

ಅತ್ತೆಯವರಿಗೆ ಹೇಳಬೇಕಾದದ್ದನ್ನು ನಾನು ನನ್ನ ತಾಯಿಗೆ ಹೇಳಿದ ರೀತಿಯಲ್ಲಿಯೇ ಬರೆಯುತ್ತೇನೆ. ನಮ್ಮ ಮನೆಯಲ್ಲಿ ನನ್ನ ಅಣ್ಣನಿಗೆ ಬಹಳ ವರ್ಷ ಆಸ್ತಮಾ ಇತ್ತು. ಉಬ್ಬಸ ಹೆಚ್ಚಿದಾಗ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಕೊಟ್ಟು, ಇಳಿದ ಮೇಲೆ ವೈದ್ಯರೇ ನಿಲ್ಲಿಸುತ್ತಿದ್ದರು. ತಾಯಿ ಅದನ್ನು ನೋಡಿದ್ದರಿಂದ ನನ್ನದನ್ನೂ ಹಾಗೆಯೇ ನಿಲ್ಲಿಸಬಹುದೆಂದು ನಂಬಿದ್ದರು. ಅಣ್ಣನಿಗೆ ಕೊಡುತ್ತಿದ್ದದ್ದು ದೇಹದಲ್ಲಿ ಆಗಲೇ ಇರುವುದರ ಮೇಲೆ ಹೆಚ್ಚುವರಿಯಾಗಿ ಸುರಿಯುವ ಔಷಧ. ನನಗೆ ಕೊಡುತ್ತಿರುವುದು ದೇಹದಲ್ಲಿ ಇಲ್ಲವೇ ಇಲ್ಲದ್ದನ್ನು ತುಂಬುವ ಪದಾರ್ಥ. ಆರೋಗ್ಯವಂತನ ದೇಹ ದಿನಕ್ಕೆ ಹೆಚ್ಚುಕಡಿಮೆ 10 ಮಿಲಿಗ್ರಾಂ ಕಾರ್ಟಿಸೋಲನ್ನು ತಾನೇ ತಯಾರಿಸುತ್ತದೆ; ನುಂಗಿದ್ದು ಪೂರ್ತಿಯಾಗಿ ರಕ್ತಕ್ಕೆ ಸೇರದ ಕಾರಣ ನಮಗೆ ಸಾಮಾನ್ಯವಾಗಿ 15ರಿಂದ 25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಬೇಕಾಗುತ್ತದೆ. ಮೂಳೆ ಸವೆಯುವುದು, ಸಕ್ಕರೆ ಏರುವುದು, ಮುಖ ಊದುವುದು ಇವೆಲ್ಲವೂ ಬೇಕಾದದ್ದಕ್ಕಿಂತ ಹೆಚ್ಚು ತೆಗೆದುಕೊಂಡಾಗ ಬರುವ ತೊಂದರೆಗಳು. ಆದ್ದರಿಂದಲೇ ವೈದ್ಯರು ತೂಕವನ್ನೂ, ಕುಳಿತಾಗ ಮತ್ತು ನಿಂತಾಗಿನ ಬಿ.ಪಿ.ಯನ್ನೂ, ಸೋಡಿಯಂ ಪೊಟ್ಯಾಸಿಯಂಗಳನ್ನೂ ನೋಡುತ್ತಾ ಪ್ರಮಾಣವನ್ನು ಹೊಂದಿಸುತ್ತಾರೆ. ಹೊಂದಿಸುವುದು ಬೇರೆ, ಬಿಡಿಸುವುದು ಬೇರೆ.

ತಾಯಿಗೆ ಕೊನೆಗೂ ಮನವರಿಕೆಯಾದದ್ದು ಹಳೆಯ ಕಥೆಯಿಂದ. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ 1855ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಅವರ ರೋಗಿಗಳಲ್ಲಿ ಹಲವರ ಗ್ರಂಥಿಗಳು, ನಿಮ್ಮ ಯಜಮಾನರವರಂತೆಯೇ, ಕ್ಷಯದಿಂದ ಹಾಳಾಗಿದ್ದವು. ಆ ಬಳಿಕವೂ ಹಲವು ದಶಕಗಳ ಕಾಲ, ಈ ರೋಗ ಬಂದವರು ಉಳಿಯುವ ದಾರಿಯೇ ಇರಲಿಲ್ಲ. ಅಡ್ರಿನಲ್ ಹಾರ್ಮೋನುಗಳ ಕುರಿತ ಕೆಲಸಕ್ಕೆ ಕೆಂಡಾಲ್, ರೈಖ್‌ಸ್ಟೈನ್ ಮತ್ತು ಹೆಂಚ್ ಅವರಿಗೆ 1950ರಲ್ಲಿ ನೊಬೆಲ್ ಬಂತು. ಮಾತ್ರೆ ನುಂಗಿ ಬದುಕುವುದು ಸಾಧ್ಯವಾದದ್ದು ಆ ಕಾಲದಲ್ಲಿ. ಇಷ್ಟು ಕೇಳಿದ ಮೇಲೆ ನನ್ನ ತಾಯಿ ಒಂದು ದಿನವೂ ‘ಸ್ಟಿರಾಯ್ಡ್’ ಎನ್ನಲಿಲ್ಲ, ‘ನಿನ್ನ ಹಾರ್ಮೋನ್ ಮಾತ್ರೆ’ ಎಂದೇ ಕರೆದರು.

ಇನ್ನು ದಿನನಿತ್ಯದ ಮಾತು. ಹೈಡ್ರೋಕಾರ್ಟಿಸೋನ್ ರಕ್ತದಲ್ಲಿ ಒಂದೂವರೆ ಗಂಟೆಗೆ ಅರ್ಧದಷ್ಟು ಇಳಿದುಹೋಗುತ್ತದೆ, ಆದುದರಿಂದಲೇ ಅದನ್ನು ಎರಡು ಮೂರು ಬಾರಿ ಹಂಚಿ ಕೊಡುತ್ತಾರೆ. ಮಧ್ಯಾಹ್ನದ ಮಾತ್ರೆ ತಪ್ಪಿದರೆ ಸಂಜೆ ಕಾಡುವ ಸುಸ್ತನ್ನು ಮನುಷ್ಯ ಕೆಲಸದ ದಣಿವೆಂದು ತಿಳಿದುಬಿಡುತ್ತಾನೆ. ನಾನು ಬೆಳಗಿನದನ್ನು ಹಾಸಿಗೆಯ ಪಕ್ಕದಲ್ಲಿಟ್ಟು, ಕಣ್ಣು ಬಿಟ್ಟ ಕೂಡಲೇ ನೀರಿನ ಜೊತೆ ನುಂಗಿ, ಹತ್ತು ನಿಮಿಷ ಮಲಗಿದ್ದು ಆಮೇಲೆ ಏಳುತ್ತೇನೆ. ಕೊನೆಯದನ್ನು ಸಂಜೆ ತಡಮಾಡಿ ನುಂಗಿದರೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಫ್ಲುಡ್ರೋಕಾರ್ಟಿಸೋನ್ ಎಲ್ಲ ಔಷಧದಂಗಡಿಗಳಲ್ಲಿಯೂ ಇಟ್ಟಿರುವುದಿಲ್ಲ. ಡಬ್ಬಿಯಲ್ಲಿ ಒಂದು ತಿಂಗಳಿನದು ಉಳಿದಿರುವಾಗಲೇ ಮುಂದಿನದಕ್ಕೆ ಹೇಳಿಡಿ.

ಉತ್ತರ 2 (ಜಯನಗರದಿಂದ, ನಿವೃತ್ತ ಶುಶ್ರೂಷಕಿ)

ನಾನು 31 ವರ್ಷ ಶುಶ್ರೂಷಕಿಯಾಗಿದ್ದೆ, ಅದರಲ್ಲಿ ಹೆಚ್ಚಿನ ಕಾಲ ತುರ್ತು ಚಿಕಿತ್ಸಾ ವಿಭಾಗದಲ್ಲಿಯೇ. ತುಮಕೂರಿನಲ್ಲಿ ನಿಮಗಾದ ಅನುಭವವನ್ನು ಓದಿ ಮನಸ್ಸಿಗೆ ನೋವಾಯಿತು. ಅದಕ್ಕಾಗಿ ಪ್ರಯಾಣದ ಸಿದ್ಧತೆಯ ಬಗ್ಗೆ ಮಾತ್ರ ವಿವರವಾಗಿ ಬರೆಯುತ್ತೇನೆ.

ಸೋಂಕು ಇರುವಾಗ ಸ್ಟಿರಾಯ್ಡ್ ಕೊಡಬಾರದು ಎಂಬ ಮಾತು ಅಡಿಸನ್ ಇರುವವರಿಗೆ ಅನ್ವಯಿಸುವುದಿಲ್ಲ. ಸೋಂಕು ಇರುವಾಗಲೇ ಅವರಿಗೆ ಅದು ಹೆಚ್ಚು ಬೇಕು. ಬರಿಯ ಗ್ಲೂಕೋಸ್ ಡ್ರಿಪ್ ಕೂಡ ಸಾಲದು, ಏಕೆಂದರೆ ಅಲ್ಡೋಸ್ಟಿರೋನ್ ಎಂಬ ಅಡ್ರಿನಲ್ ಹಾರ್ಮೋನ್ ಇಲ್ಲದ ದೇಹ ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದು, ವಾಂತಿಭೇದಿಯಲ್ಲಿ ಇನ್ನಷ್ಟು ಉಪ್ಪು ಹೋಗಿರುತ್ತದೆ, ಅದರ ಮೇಲೆ ಉಪ್ಪಿಲ್ಲದ ನೀರು ಸೇರಿದರೆ ಸೋಡಿಯಂ ಮತ್ತೂ ಇಳಿಯುತ್ತದೆ. ಬೇಕಾದದ್ದು ನಾರ್ಮಲ್ ಸಲೈನ್ ಎಂಬ ಉಪ್ಪುನೀರಿನ ಡ್ರಿಪ್, ಸಕ್ಕರೆ ಇಳಿದಿದ್ದರೆ ಅದರ ಜೊತೆಗೆ ಗ್ಲೂಕೋಸ್. ಎಲ್ಲಕ್ಕಿಂತ ಮೊದಲು 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಆಗಬೇಕು. ರಕ್ತಪರೀಕ್ಷೆಯ ವರದಿ ಬರಲೆಂದು ಅದನ್ನು ತಡೆಹಿಡಿಯುವಂತಿಲ್ಲ. ಬೇಡದಿದ್ದಾಗ ಒಮ್ಮೆ ಕೊಟ್ಟರೆ ಆಗುವ ಕೆಡುಕು ಏನೂ ಇಲ್ಲವೆನ್ನುವಷ್ಟು ಕಡಿಮೆ, ಬೇಕಾದಾಗ ಕೊಡದಿದ್ದರೆ ಜೀವಕ್ಕೇ ಅಪಾಯ.

ಆದರೆ ಗಂಡನನ್ನು ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು ನೀವು ಇದನ್ನೆಲ್ಲ ವಾದಿಸಬೇಕಾಗಿ ಬರಬಾರದು. ನಿಮ್ಮ ವೈದ್ಯರಿಂದ ಅವರ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಕಾಯಿಲೆಯ ಹೆಸರು, ದಿನದ ಮಾತ್ರೆಗಳು, ತುರ್ತಿನಲ್ಲಿ ಕೊಡಬೇಕಾದ ಇಂಜೆಕ್ಷನ್ ಮತ್ತು ಸಲೈನ್, ವೈದ್ಯರ ದೂರವಾಣಿ ಸಂಖ್ಯೆ, ಇಷ್ಟೂ ಒಂದೇ ಪುಟದಲ್ಲಿ, ಇಂಗ್ಲಿಷಿನಲ್ಲಿ ಇರಲಿ, ಏಕೆಂದರೆ ಕರ್ತವ್ಯದಲ್ಲಿರುವ ವೈದ್ಯರಿಗೆ ಕನ್ನಡ ಬಾರದೆಯೂ ಇರಬಹುದು. ಪತ್ರವನ್ನು ಲ್ಯಾಮಿನೇಟ್ ಮಾಡಿಸಿ ಅವರ ಚೀಲದಲ್ಲಿಡಿ, ಅದರ ಚಿತ್ರ ನಿಮ್ಮಿಬ್ಬರ ಫೋನಿನಲ್ಲಿಯೂ ಇರಲಿ. ಆಸ್ಪತ್ರೆಯ ಬಾಗಿಲಲ್ಲಿ ವಾಂತಿಯಿಂದ ಮಾತು ಆರಂಭಿಸಬೇಡಿ. ‘ಇವರಿಗೆ ಅಡಿಸನ್ ಕಾಯಿಲೆ ಇದೆ, ತಕ್ಷಣ ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಬೇಕು’ ಎಂಬುದು ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯವಾಗಿರಲಿ.

ಎರಡನೆಯದು, ಮನೆಯಲ್ಲಿ ಇಂಜೆಕ್ಷನ್ ಇಟ್ಟುಕೊಳ್ಳುವುದು. ವೈದ್ಯರ ಚೀಟಿಯಿದ್ದರೆ 100 ಮಿಲಿಗ್ರಾಂನ ಹೈಡ್ರೋಕಾರ್ಟಿಸೋನ್ ಸೋಡಿಯಂ ಸಕ್ಸಿನೇಟ್ ಬಾಟಲಿ ಸಿಗುತ್ತದೆ. ಹೆಬ್ಬೆರಳಿನಷ್ಟು ಉದ್ದದ ಗಾಜಿನ ಬಾಟಲಿಯ ತಳದಲ್ಲಿ ಬಿಳಿಯ ಪುಡಿ ಇರುತ್ತದೆ. ಇಂಜೆಕ್ಷನ್ನಿಗೆ ಬಳಸುವ ಶುದ್ಧ ನೀರನ್ನು 2 ಮಿಲಿಲೀಟರ್ ಸಿರಿಂಜಿಗೆ ಎಳೆದುಕೊಂಡು, ರಬ್ಬರ್ ಮುಚ್ಚಳದ ಮೂಲಕ ಪುಡಿಯ ಮೇಲೆ ಬಿಟ್ಟು, ಬಾಟಲಿಯನ್ನು ಎರಡು ಅಂಗೈಗಳ ನಡುವೆ ಉರುಳಿಸಿದರೆ ನೀರು ತಿಳಿಯಾಗುತ್ತದೆ. ಅದನ್ನು ಮತ್ತೆ ಸಿರಿಂಜಿಗೆ ಎಳೆದು, ಗಾಳಿ ತೆಗೆದು, ತೊಡೆಯ ಹೊರಭಾಗದ ನಡುಮಧ್ಯದಲ್ಲಿ ನೇರವಾಗಿ ಚುಚ್ಚಬೇಕು. ತೀರಾ ಅವಸರದಲ್ಲಿ ತೆಳುವಾದ ಬಟ್ಟೆಯ ಮೇಲಿನಿಂದ ಚುಚ್ಚಿದರೂ ನಡೆಯುತ್ತದೆ. ಇದನ್ನು ಓದಿ ಕಲಿಯಬೇಡಿ; ಮುಂದಿನ ಭೇಟಿಯಲ್ಲಿ ಅಲ್ಲಿನ ಶುಶ್ರೂಷಕಿಯ ಎದುರು ನೀವೇ ಕೈಯಾರೆ ಮಾಡಿ ತೋರಿಸಿ, ಆಮೇಲೆ ಮನೆಯಲ್ಲಿ ಕಿತ್ತಳೆ ಹಣ್ಣಿಗೆ ಚುಚ್ಚಿ ಅಭ್ಯಾಸ ಮಾಡಿ. ನಾನು ಕಲಿಸಿದ ಹೆಂಗಸರಲ್ಲಿ ಮೊದಲ ಸಲ ಕೈ ನಡುಗದವರು ಒಬ್ಬರೂ ಇರಲಿಲ್ಲ, ಮೂರನೆಯ ಹಣ್ಣಿಗೆ ನಡುಗಿದವರೂ ಇರಲಿಲ್ಲ.

ಶಿರಾಡಿ ಘಾಟಿಯ ತಿರುವುಗಳಲ್ಲಿ ಆರೋಗ್ಯವಂತರಿಗೇ ಹೊಟ್ಟೆ ತೊಳಸುತ್ತದೆ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಆ ಮಾತ್ರೆಯನ್ನು ಮತ್ತೊಮ್ಮೆ ಕೊಡಬೇಕು. ಅದೂ ನಿಲ್ಲದಿದ್ದರೆ ಕಾಯುವ ಹಾಗಿಲ್ಲ, ಇಂಜೆಕ್ಷನ್ ಕೊಟ್ಟು ಹತ್ತಿರದ ಆಸ್ಪತ್ರೆಗೆ ಹೋಗಬೇಕು, ದಾರಿಯಲ್ಲಿದ್ದರೆ 108ಕ್ಕೆ ಕರೆ ಮಾಡಬೇಕು. ಇಂಜೆಕ್ಷನ್ನಿನ ನಂತರ ಸರಿಹೋದಂತೆ ಕಂಡರೂ ಆಸ್ಪತ್ರೆ ತಪ್ಪಿಸಬೇಡಿ, ಅದರ ಬಲ ಕೆಲವೇ ಗಂಟೆಗಳದು. ಬಾಟಲಿಯನ್ನು ಕಾರಿನ ಮುಂಭಾಗದಲ್ಲಿ ಬಿಸಿಲಿಗೆ ಇಡಬೇಡಿ, ಮತ್ತು ಮಾತ್ರೆಗಳನ್ನು ಒಂದೇ ಚೀಲದಲ್ಲಿ ಇಡದೆ ನಿಮ್ಮ ಬಳಿ ಅರ್ಧ, ಅವರ ಬಳಿ ಅರ್ಧ ಇರಲಿ.

ಉತ್ತರ 3 (ಮಲ್ಲೇಶ್ವರದಿಂದ, ವೈದ್ಯರು)

ರೋಗಿಯನ್ನು ನೋಡದೆ ಪ್ರಮಾಣದ ಬಗ್ಗೆ ಹೇಳುವುದು ಸರಿಯಲ್ಲ. ಅದು ಅವರ ಎಂಡೋಕ್ರೈನಾಲಜಿಸ್ಟರ (ಹಾರ್ಮೋನ್ ತಜ್ಞರ) ಕೆಲಸ. ಆದರೆ 30 ಏಕೆ 20 ಆಯಿತು ಎಂಬ ಪ್ರಶ್ನೆಗೆ ನೀವು ಬರೆದ ವಿವರದಲ್ಲಿಯೇ ಉತ್ತರವಿದೆಯೆಂದು ನನಗೆ ತೋರುತ್ತದೆ.

ಕ್ಷಯದ ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಎಂಬ ಔಷಧವಿರುತ್ತದೆ. ಅದು ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸುವುದರಿಂದ ನುಂಗಿದ ಹೈಡ್ರೋಕಾರ್ಟಿಸೋನ್ ಬಹಳ ಬೇಗ ಕರಗಿಹೋಗುತ್ತದೆ. ಅಷ್ಟನ್ನು ಸರಿದೂಗಿಸಲು ಆ ತಿಂಗಳುಗಳಲ್ಲಿ ಹೆಚ್ಚು ಕೊಡಬೇಕಾಗುತ್ತದೆ. ರಿಫಾಂಪಿಸಿನ್ ನಿಂತ ಮೇಲೆ ಯಕೃತ್ತು ಒಂದೆರಡು ವಾರಗಳಲ್ಲಿ ತನ್ನ ಮೊದಲಿನ ವೇಗಕ್ಕೆ ಮರಳುತ್ತದೆ, ಆಗ ಆ ಹೆಚ್ಚುವರಿಯ ಅಗತ್ಯ ಉಳಿಯುವುದಿಲ್ಲ. ಅಂದರೆ ಇಳಿದದ್ದು ಕ್ಷಯದ ಮಾತ್ರೆಗಾಗಿ ಸೇರಿಸಿದ್ದ ಪಾಲು. ಅಡಿಸನ್ ಕಾಯಿಲೆಯ ಪಾಲು ಹಾಗೆಯೇ ಇದೆ. ಕ್ಷಯ ವಾಸಿಯಾದರೂ ಅದು ನಾಶಮಾಡಿದ ಗ್ರಂಥಿ ಮತ್ತೆ ಚೇತರಿಸಿಕೊಳ್ಳುವುದು ಬಹಳ ಅಪರೂಪ. ಅತ್ತೆಯವರಿಗೆ ಇದನ್ನು ಅವರ ವೈದ್ಯರ ಬಾಯಿಂದಲೇ ಕೇಳಿಸಿ, ಮುಂದಿನ ಭೇಟಿಗೆ ಅವರನ್ನೂ ಕರೆದೊಯ್ಯಿರಿ. ಆರು ವಾರ ಕಾಯಬೇಡಿ, ಮಾತ್ರೆ ತಪ್ಪಿಸಿದ ವಿಷಯವನ್ನು ಈಗಲೇ ಫೋನಿನಲ್ಲಿ ತಿಳಿಸಿ. ವೈದ್ಯರು ಬೈಯುತ್ತಾರೆಂದು ಮುಚ್ಚಿಡುವವರನ್ನು ನಾನು ಬಹಳ ನೋಡಿದ್ದೇನೆ. ಗೊತ್ತಿಲ್ಲದೆ ಹೋದರೆ, ಪರೀಕ್ಷೆಯ ಫಲಿತಾಂಶ ನೋಡಿ ನಾವು ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಆ ಪುಡಿಯನ್ನು ಕೊಡಬೇಡಿ. ಹೆಸರಿಲ್ಲದ ಇಂತಹ ಪುಡಿಗಳಲ್ಲಿ ಸ್ಟಿರಾಯ್ಡನ್ನೇ ಬೆರೆಸಿರುವುದು ನಮ್ಮ ದೇಶದಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಅದನ್ನು ತಿಂದು ಚೆನ್ನಾಗಿದ್ದೇನೆಂದು ನಂಬಿ ಮಾತ್ರೆ ಬಿಟ್ಟವರು, ಪುಡಿ ಮುಗಿದ ವಾರವೇ ಆಸ್ಪತ್ರೆ ಸೇರುತ್ತಾರೆ. ಕೆಮ್ಮಿಗೆಂದು ಮನೆಯಲ್ಲಿ ಕೊಡುವ ಅತಿಮಧುರದ ಬಗ್ಗೆಯೂ ಎಚ್ಚರವಿರಲಿ. ಅದು ಮೂತ್ರಪಿಂಡದಲ್ಲಿ ಕಾರ್ಟಿಸೋಲ್ ನಿಷ್ಕ್ರಿಯವಾಗುವುದನ್ನು ತಡೆಯುವುದರಿಂದ, ಹೆಚ್ಚಾಗಿ ಸೇವಿಸಿದರೆ ಬಿ.ಪಿ. ಏರಿ ಪೊಟ್ಯಾಸಿಯಂ ಇಳಿಯಬಹುದು. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಕೂಡ ರಿಫಾಂಪಿಸಿನ್‌ನಂತೆಯೇ ವರ್ತಿಸುತ್ತವೆ. ಹಲ್ಲು ಕೀಳಿಸುವುದಿದ್ದರೂ, ಯಾವುದೇ ಶಸ್ತ್ರಚಿಕಿತ್ಸೆಯಿದ್ದರೂ ಕಾಯಿಲೆಯ ಹೆಸರನ್ನು ಮುಂಚೆಯೇ ಹೇಳಬೇಕು.

ಜ್ವರದ ದಿನಗಳ ಲೆಕ್ಕವನ್ನು ನಿಮ್ಮ ವೈದ್ಯರಿಂದ ಕೈಬರಹದಲ್ಲಿಯಾದರೂ ಬರೆಸಿಕೊಳ್ಳಿ. ಸಾಮಾನ್ಯವಾಗಿ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಹೈಡ್ರೋಕಾರ್ಟಿಸೋನನ್ನು ಎರಡು ಪಟ್ಟು, 102 ದಾಟಿದರೆ ಮೂರು ಪಟ್ಟು ಮಾಡಿ, ಜ್ವರ ಬಿಟ್ಟ ಮೇಲೆ ಒಂದೆರಡು ದಿನಗಳಲ್ಲಿ ಹಿಂದಿನ ಪ್ರಮಾಣಕ್ಕೆ ಮರಳಲು ಹೇಳುತ್ತೇವೆ. ಹೀಗೆ ಎರಡು ಮೂರು ದಿನ ಹೆಚ್ಚಿಸಿದ್ದರಿಂದ ಮೂಳೆ ಸವೆಯುವುದಿಲ್ಲ.

ಉಪವಾಸದ ಬಗ್ಗೆ ಒಂದೇ ಮಾತು. ಗ್ರಂಥಿ ಹೀಗಿರುವಾಗ ನೀರೂ ಇಲ್ಲದ ಉಪವಾಸ ಮತ್ತು ರಾತ್ರಿಯಿಡೀ ಜಾಗರಣೆ ಬೇಡ ಎಂದೇ ನನ್ನ ಸಲಹೆ. ಮಾತ್ರೆಗಳನ್ನು ಸಮಯಕ್ಕೆ ನುಂಗಿ, ಹಣ್ಣು, ಹಾಲು, ಉಪ್ಪು ಹಾಕಿದ ಮಜ್ಜಿಗೆ ತೆಗೆದುಕೊಂಡು ಫಲಾಹಾರ ಮಾಡುವುದಕ್ಕೆ ಅವರ ವೈದ್ಯರು ಒಪ್ಪಿದರೆ ಅಷ್ಟರಲ್ಲಿ ನಿಲ್ಲಿಸಿ.

ಪ್ರಶ್ನೆ ಕೇಳಿದವರಿಂದ (ವಿಜಯನಗರ)

ಮೂವರಿಗೂ ಕೈಮುಗಿದು ವಂದನೆಗಳು. ಮಲ್ಲೇಶ್ವರದ ವೈದ್ಯರು ಹೇಳಿದಂತೆ ನಿನ್ನೆ ನಮ್ಮ ವೈದ್ಯರಿಗೆ ಫೋನ್ ಮಾಡಿದೆ. ರಿಫಾಂಪಿಸಿನ್ ನಿಂತ ಕಾರಣಕ್ಕೇ ಇಳಿಸಿದ್ದಾಗಿ ಅವರೂ ಹೇಳಿದರು, ಭೇಟಿಯನ್ನು ಬರುವ ಗುರುವಾರಕ್ಕೆ ಹಿಂದಕ್ಕೆ ತಂದಿದ್ದಾರೆ. ಅತ್ತೆಯವರು ಜೊತೆಗೆ ಬರಲು ಒಪ್ಪಿದ್ದಾರೆ. ಬಸವನಗುಡಿಯ ಹಿರಿಯರ ಪತ್ರವನ್ನು ಯಜಮಾನರಿಗೆ ಓದಿ ಹೇಳಿದಾಗ, ಕಾಫಿಯ ಲೋಟದ ಸಾಲು ಬಂದ ಕೂಡಲೇ ಅವರು ನಿಲ್ಲಿಸು ಎಂದರು. ತುಮಕೂರಿನಲ್ಲಿ ತನಗೂ ನೀರಿನ ಲೋಟ ಹಿಡಿಯಲಾಗಿರಲಿಲ್ಲವೆಂದೂ ಅದನ್ನು ನನಗೆ ಹೇಳಿರಲಿಲ್ಲವೆಂದೂ ಈಗ ತಿಳಿಯಿತು. ಮಧ್ಯಾಹ್ನದ ಮಾತ್ರೆಗೆ ಫೋನಿನಲ್ಲಿ ಅಲಾರಂ ಇಟ್ಟುಕೊಂಡಿದ್ದಾರೆ.

ಜಯನಗರದ ಅಮ್ಮನವರನ್ನು ಒಂದು ವಿಷಯ ಕೇಳುವುದಿದೆ. ಇಂಜೆಕ್ಷನ್ನಿಗೆ ನಾನು ಕಲಿತರೂ, ನಾನು ಕೆಲಸದ ಮೇಲೆ ಹೊರಗಿರುವಾಗ ಮನೆಯಲ್ಲಿ ಅತ್ತೆ ಮತ್ತು 14 ವರ್ಷದ ಮಗಳು ಮಾತ್ರ ಇರುತ್ತಾರೆ. ಮಗಳಿಗೆ ಕಲಿಸಬಹುದೇ?

ಉತ್ತರ 2ರವರಿಂದ (ಜಯನಗರ)

ಕಲಿಸಬಹುದು, ಅವಳಿಗೆ ಮನಸ್ಸಿದ್ದರೆ ಮಾತ್ರ. ಗುರುವಾರ ಅವಳನ್ನೂ ಕರೆದುಕೊಂಡು ಹೋಗಿ, ಶುಶ್ರೂಷಕಿ ನಿಮಗೆ ತೋರಿಸುವಾಗ ಪಕ್ಕದಲ್ಲಿ ನಿಂತು ನೋಡಲಿ. ಹೆದರಿದರೆ ಒತ್ತಾಯ ಮಾಡಬೇಡಿ. 108ಕ್ಕೆ ಕರೆ ಮಾಡಿ ಆ ಮೊದಲ ವಾಕ್ಯವನ್ನು ಸ್ಪಷ್ಟವಾಗಿ ಹೇಳುವುದು, ಮನೆಯ ವಿಳಾಸ ಮತ್ತು ಹತ್ತಿರದ ಗುರುತು ತಿಳಿಸುವುದು, ಲ್ಯಾಮಿನೇಟ್ ಮಾಡಿದ ಪತ್ರವನ್ನು ಕೈಗೆ ಕೊಡುವುದು ಅವಳ ಪಾಲಿಗಿರಲಿ. ಬಾಟಲಿ, ನೀರು, ಎರಡು ಸಿರಿಂಜು, ಹತ್ತಿ, ಇಷ್ಟನ್ನೂ ಒಂದೇ ಡಬ್ಬಿಯಲ್ಲಿಟ್ಟು, ಬಾಟಲಿಯ ಅವಧಿ ಮುಗಿಯುವ ತಿಂಗಳನ್ನು ಮುಚ್ಚಳದ ಮೇಲೆ ದೊಡ್ಡದಾಗಿ ಬರೆದು, ಅತ್ತೆಯವರಿಗೂ ಕೈಗೆಟುಕುವ ಕಪಾಟಿನಲ್ಲಿ ಇಡಿ. ಅತ್ತೆಯವರಿಗೆ ಕಾಣುವ ಹಾಗೆ ಅಕ್ಷರ ದಪ್ಪವಾಗಿರಲಿ.